ಗಟಾರ ಬಳಿಯುವಾಗ ಹೋದ ಫರ್ಶಿ, ಜಾಳಿಗೆ: ದೂರು ಹೆಂಗ?

ಓಣಿಯವ (ಯಾದಗಿರಿ ಜಿಲ್ಲೆ): ಪುರಸಭೆ ಜೆಸಿಬಿ ಗಟಾರ ಬಳಿದು ಹೋದ ಮೇಲೆ ಮನೆ ಮುಂದಿನ ಶಹಾಬಾದ್ ಫರ್ಶಿ (ಹಾಸುಗಲ್ಲು), ಕಬ್ಬಿಣದ ಜಾಳಿಗೆ, ಕಾಂಪೌಂಡ್ ಒಳಗಿನ ನೀರಿನ ಡ್ರಮ್ ಇಲ್ಲ. ದೂರು ಹೆಂಗ ಬರೀಬೇಕ್ರಿ?

ಹಳೇ ಗುಮಾಸ್ತ: ಮುಖ್ಯಾಧಿಕಾರಿಗಳ ಹೆಸರಿಗೆ ಎರಡು ಪ್ರತಿ ಬರೀರಿ. ಒಂದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ನಂಬರ್ (ಬಂದ ಅರ್ಜಿಗೆ ಕಚೇರಿ ಕೊಡೋ ನಂಬರ್) ಹಾಕಿಸಿಕೊಳ್ಳಿ. ನಂಬರಿಲ್ಲದ ಸೀಲು ಮುಂದೆ ಕೆಲಸಕ್ಕೆ ಬರೋದಿಲ್ಲ. ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಬರೇ ‘ಸಾಮಾನು ಹೋಗಿದೆ’ ಅಂದರೆ ಫೈಲು ಅಲ್ಲೇ ಮಲಗುತ್ತದೆ. ಫರ್ಶಿ ಎಷ್ಟು, ಉದ್ದಗಲ ಎಷ್ಟು ಅಡಿ, ದಪ್ಪ ಎಷ್ಟು ಇಂಚು, ಜಾಳಿಗೆಯ ಸರಳು ಎಷ್ಟು ಎಂಎಂ, ಗಾಡಿ ನಂಬರ್, ಬಂದ ಹೊತ್ತು, ಎಲ್ಲಾ ಇರಲಿ. ‘ಕಳವು’ ಅನ್ನಬೇಡಿ, ‘ತೆರವುಗೊಳಿಸಿ ಒಯ್ದಿದ್ದಾರೆ, ಪಟ್ಟಿ ಕೊಟ್ಟಿಲ್ಲ’ ಅನ್ನಿ.

ಅರ್ಜಿದಾರ (ಸಲಹೆ ಕೊಡೋ ಇನ್ನೊಬ್ಬರು): ಒಂದು ತೊಡಕದ. ಗಟಾರದ ಮೇಲಿನ ಫರ್ಶಿ ಇದ್ದದ್ದು ಸಾರ್ವಜನಿಕ ಜಾಗದಲ್ಲಿ. ಒತ್ತುವರಿ ಅಂತ ನಿಮ್ಮ ಮೇಲೇ ತಿರುಗಿಸಬಹುದು. ಡ್ರಮ್ ಇದ್ದದ್ದು ಕಾಂಪೌಂಡ್ ಒಳಗೆ, ಅದಕ್ಕೇ ಅದನ್ನು ಬೇರೆ ಪ್ಯಾರಾದಲ್ಲಿ ಬರೀರಿ. ಮಾಹಿತಿ ಹಕ್ಕಿನಲ್ಲಿ ಆ ದಿನದ ಜೆಸಿಬಿ ಲಾಗ್‌ಬುಕ್ (ಗಾಡಿ ಓಡಾಟದ ದಾಖಲೆ) ನಕಲು ಕೇಳಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದ ಮಿತಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ಓಣಿಯವ: ಠಾಣೆಗೂ ಕೊಡಬೇಕಾ?

ಹಳೇ ಗುಮಾಸ್ತ: ಒಯ್ದವರು ಪುರಸಭೆಯವರೋ ಗುಜರಿಯವರೋ ಗೊತ್ತಿಲ್ಲದಿದ್ದರೆ ಕೊಡಿ. ಆದರೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಈಗ ಅಸಂಜ್ಞೇಯ (ಕೋರ್ಟಿನ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡಲಾಗದ್ದು), ನೇರ ಎಫ್‌ಐಆರ್ ಆಗೋದಿಲ್ಲ. ಬೆಲೆ ತೋರಿಸಲು ಬಿಲ್ಲು ಲಗತ್ತಿಸಿ. ಹಳೇ ಫೋಟೋ ಇದ್ದರೆ ಮೂಲ ಫೈಲೇ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸಿದ್ದರಲ್ಲಿ ಸಾಮಾನ್ಯವಾಗಿ ತೆಗೆದ ತಾರೀಖು ಅಳಿಸಿಹೋಗಿರುತ್ತದೆ.