ಬೆಳಗಾವಿಯಿಂದ ಸಮುದ್ರಕ್ಕೆ, ದೊಡ್ಡವರೇ ನಾಲ್ವರು: ಎಲ್ಲಿಗೆ ಹೋದರೆ ಚಲೋ?

ವಡಗಾವಿಯವಳು:
ನಮಸ್ಕಾರ ರೀ ಎಲ್ಲರಿಗೂ. ಜನವರಿಯಲ್ಲಿ ಮೂರ್ನಾಲ್ಕು ದಿನ ಸಮುದ್ರದ ಕಡೆ ಹೋಗಬೇಕು ಅಂತಿದ್ದೇವೆ. ನಾನು, ನಮ್ಮ ಯಜಮಾನರು, ವಿಜಯಪುರದ ಅಕ್ಕ, ಭಾವ. ನಮಗೆ ಮಕ್ಕಳಿಲ್ಲ, ಅಕ್ಕನ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಟೂರ್‌ನವರನ್ನು ಕೇಳಿದರೆ ಎಲ್ಲರೂ ಫ್ಯಾಮಿಲಿ ಪ್ಯಾಕೇಜ್ ಅಂತ ಒಂದನ್ನೇ ತೋರಿಸುತ್ತಾರೆ: ವಾಟರ್ ಸ್ಪೋರ್ಟ್ಸ್, ಮಕ್ಕಳ ಪೂಲ್, ದಿನಕ್ಕೆ ಐದಾರು ಜಾಗ ಓಡಾಟ. ನಮಗೆ ಅದು ಬೇಡ. ಬೆಳಿಗ್ಗೆ ನೀರಿನ ಅಂಚಿಗೆ ದೂರ ನಡೆದು ಹೋಗಬೇಕು, ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಮಲಗಬೇಕು, ಸಂಜೆ ನಾಲ್ವರೂ ಕೂತು ಮಾತಾಡಬೇಕು. ಅಷ್ಟೇ. ಅಕ್ಕ ತಂಗಿ ಹೀಗೆ ಒಟ್ಟಿಗೆ ಇದ್ದು ಎಷ್ಟೋ ವರ್ಷವಾಯಿತು.

ಎರಡು ವಿಷಯ ಇವೆ. ಭಾವನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಆಗೋದಿಲ್ಲ. ಅಕ್ಕ ಮೀನು ಮುಟ್ಟುವುದಿಲ್ಲ. ಕಾರು ಇದೆ, ವಾರದ ನಡುವೆಯೂ ಹೋಗಬಹುದು.

ಖಾನಾಪುರ_ಘಾಟ್:
ಅಕ್ಕಾ, ವಾರದ ನಡುವೆ ಹೋಗಬಹುದು ಅಂದಿರಲ್ಲ, ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ಶಾಲೆಯ ರಜೆ ನೋಡಬೇಕಾಗಿಲ್ಲ, ಹಾಗಾಗಿ ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ ಎಲ್ಲ ಬಿಟ್ಟು ಜನವರಿ ಎರಡನೇ ವಾರದ ನಂತರ ಸೋಮವಾರ ಹೊರಟು ಗುರುವಾರ ವಾಪಸ್ ಬನ್ನಿ. ಅದೇ ರೂಮು ಕಡಿಮೆ ದರಕ್ಕೆ ಸಿಗಬಹುದು, ದಂಡೆ ಖಾಲಿ ಇರುತ್ತದೆ. ಸಂಕ್ರಾಂತಿ ಯಾವ ವಾರ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ.

ಜಾಗ ಕೇಳಿದರೆ ನನ್ನ ಓಟು ಮಹಾರಾಷ್ಟ್ರದ ಕೊಂಕಣ ದಂಡೆಯ ತಾರ್ಕರ್ಲಿಗೆ. ಅಂಬೋಲಿ ಘಾಟ್ ಇಳಿದು ಸಾವಂತವಾಡಿ, ಕುಡಾಳ ಮೇಲೆ ಮಾಲವಣ, ಸುಮಾರು 150 ಕಿಲೋಮೀಟರ್. ಅಲ್ಲಿಂದ ತಾರ್ಕರ್ಲಿ ಹತ್ತಿರವೇ. ದಂಡೆ ಸಪಾಟು, ಮನೆಗಳ ಹಿತ್ತಲಿನ ತೆಂಗಿನ ತೋಟ ದಾಟಿದರೆ ಮರಳು. ಭಾವನಿಗೆ ಮೆಟ್ಟಿಲಿನ ಚಿಂತೆ ಇಲ್ಲ. ಇನ್ನೂ ಮುಂದೆ ದೇವಬಾಗ್, ಒಂದು ಕಡೆ ಕರ್ಲಿ ಹೊಳೆ, ಇನ್ನೊಂದು ಕಡೆ ಸಮುದ್ರ, ನಡುವೆ ಕಿರಿದಾದ ಊರು. ಹೋಂಸ್ಟೇ ಅಲ್ಲಿ ಹಿಡಿಯಿರಿ.

ಬೆಳಿಗ್ಗೆ ಬೇಗ ಏಳಿ. ಅದೃಷ್ಟ ಇದ್ದರೆ ರಾಪಣ, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಮೀನು ಬಲೆ, ಎಳೆಯೋದು ನೋಡಲು ಸಿಗುತ್ತದೆ. ದೋಣಿಯಲ್ಲಿ ಹೋಗಿ ಅರ್ಧ ಚಂದ್ರನ ಹಾಗೆ ಬಲೆ ಬಿಟ್ಟು ಬಂದಿರುತ್ತಾರೆ. ಆಮೇಲೆ ದಂಡೆಯ ಮೇಲೆ ಎರಡು ಸಾಲಿನಲ್ಲಿ ಜನ ನಿಂತು, ಹಿಮ್ಮಡಿ ಮರಳಿಗೆ ಊರಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹಗ್ಗ ಎಳೆಯುತ್ತಾರೆ. ಬಲೆ ಹತ್ತಿರ ಬಂದಂತೆ ಎರಡೂ ಸಾಲು ಕೂಡಿಕೊಳ್ಳುತ್ತವೆ. ಅದನ್ನು ನೋಡುತ್ತ ನಿಂತರೆ ಚಹಾದ ನೆನಪೂ ಆಗೋದಿಲ್ಲ.

ಜಮಖಂಡಿ_ಕೃಷ್ಣಾತೀರ:
ನಾನು ಒಪ್ಪೋದಿಲ್ಲ ರೀ. ನಮ್ಮದೇ ಉತ್ತರ ಕನ್ನಡ ಬಿಟ್ಟು ಅಲ್ಲಿಗೆ ಯಾಕೆ? ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ ಹಿಡಿದು ಕುಮಟಾ, ಹೊನ್ನಾವರಕ್ಕೆ ಹೋಗಿ. ಹೊನ್ನಾವರದ ಹತ್ತಿರ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚು ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಶರಾವತಿ ಹಿನ್ನೀರಿನಲ್ಲಿ ದೋಣಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆಯ ದಾರಿ, ಮೊಣಕಾಲು ನೋವಿದ್ದರೂ ನಿಧಾನ ನಡೆಯಬಹುದು. ಅಕ್ಕನಿಗೆ ಊಟದ ತೊಂದರೆಯೂ ಇಲ್ಲ, ಸಸ್ಯಾಹಾರಿ ಖಾನಾವಳಿ ಬೇಕಾದಷ್ಟಿವೆ, ತಂಬುಳಿ ಅನ್ನ ಉಣ್ಣಲಿ.

ಗೋಕರ್ಣದ ಕುಡ್ಲೆ, ಓಂ ಬೀಚ್ ಮಾತ್ರ ನಿಮಗೆ ಹೇಳೋದಿಲ್ಲ. ಚಂದ ಇವೆ, ಆದರೆ ಮೆಟ್ಟಿಲು ಇಳಿಯಬೇಕು, ಮತ್ತೆ ಏರಬೇಕು.

ಖಾನಾಪುರ_ಘಾಟ್:
ಅಣ್ಣಾ, ಜಾಗ ಚಲೋನೇ, ಆದರೆ ಅರಬೈಲ್ ಘಾಟಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ದಿನ ಅಲ್ಲೇ ಹೋಗುತ್ತದೆ. ಮೂರು ದಿನದ ರಜೆಯಲ್ಲಿ ಹೋಗುತ್ತ ಒಂದು, ಬರುತ್ತ ಒಂದು ಕಾರಿನಲ್ಲೇ ಕಳೆದರೆ ಅವರು ಕೇಳಿದ ಆರಾಮ ಎಲ್ಲಿ ಉಳಿಯಿತು? ಒಂದು ವಾರ ಇದ್ದಿದ್ದರೆ ನಾನೂ ಹೊನ್ನಾವರ ಅಂತಲೇ ಹೇಳುತ್ತಿದ್ದೆ.

ವಡಗಾವಿಯವಳು:
ಇಬ್ಬರಿಗೂ ಧನ್ಯವಾದ. ಮಾಲವಣದ ಕಡೆ ಅಕ್ಕ ಏನು ಉಣ್ಣಬೇಕು? ಗೋವಾ ಬೇಡವೇ ಬೇಡವಾ? ಯಜಮಾನರು ಅದನ್ನೇ ಹೇಳುತ್ತಿದ್ದಾರೆ.

ಶಹಾಪುರ_ಓಣಿ:
ಗೋವಾ ಅಂದರೆ ಬರೀ ಗದ್ದಲ ಅಲ್ಲ ರೀ. ದಕ್ಷಿಣದಲ್ಲಿ ಅಗೋಂದಾ ಉದ್ದನೆಯ ದಂಡೆ, ಉತ್ತರದ ಬೀಚುಗಳ ಹಾಗೆ ರಾತ್ರಿಯೆಲ್ಲ ಹಾಡು ಇರೋದಿಲ್ಲ. ಕಡಲಾಮೆ ಮೊಟ್ಟೆ ಇಡುವ ಜಾಗ ಅದು, ಅರಣ್ಯ ಇಲಾಖೆ ಗೂಡುಗಳಿಗೆ ಬೇಲಿ ಹಾಕಿ ಕಾಯುತ್ತದೆ. ಆದರೆ ಚೋರ್ಲಾ ಘಾಟ್ ಇಳಿದು ಪಣಜಿ ದಾಟಿ ಮತ್ತೆ ದೂರ ಹೋಗಬೇಕು. ಯಜಮಾನರಿಗೆ ಒಂದು ಮಾತು ಹೇಳಿ, ಪರವಾನಗಿ ಇಲ್ಲದೆ ಅಲ್ಲಿಂದ ಬಾಟಲಿ ತರುವಂತಿಲ್ಲ, ಕಣಕುಂಬಿ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನೋಡುತ್ತಾರೆ.

ಅಕ್ಕನ ಊಟಕ್ಕೆ ಹೋಂಸ್ಟೇಯವರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ. ಘಾವನೆ (ಅಕ್ಕಿಯ ತೆಳು ದೋಸೆ), ಕಾಯಿ ಚಟ್ನಿ, ಕಾಳಿನ ಉಸಳ, ಸೋಲ್‌ಕಢಿ (ಕೋಕಂ, ತೆಂಗಿನ ಹಾಲಿನ ಪಾನಕ) ಮಾಡಿಕೊಡುತ್ತಾರೆ. ಪಾತ್ರೆ ಬೇರೆ ಬೇಕಿದ್ದರೆ ಅದನ್ನೂ ಬಾಯಿ ಬಿಟ್ಟು ಕೇಳಿ, ಸಂಕೋಚ ಬೇಡ.

ಇನ್ನೊಂದು, ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ನಾವು ಬಯಲುಸೀಮೆ ಮಂದಿ ಹೊಳೆಯಲ್ಲಿ ಈಜು ಕಲಿತವರು, ಸಮುದ್ರ ಬೇರೆ. ಅಲೆ ಒಡೆಯುವ ಸಾಲಿನ ನಡುವೆ ಒಂದು ಕಡೆ ಮಾತ್ರ ನೀರು ಶಾಂತ ಕಂಡರೆ ಅಲ್ಲಿ ಇಳಿಯಬೇಡಿ. ದಂಡೆಗೆ ಬಂದ ನೀರು ವಾಪಸ್ ಒಳಗೆ ಹೋಗುವ ದಾರಿ ಅದಾಗಿರಬಹುದು. ಅದರಲ್ಲಿ ಸಿಕ್ಕರೆ ದಂಡೆಯ ಕಡೆ ನೇರ ಈಜಿದರೆ ಸುಸ್ತಾಗಿ ಮುಳುಗುತ್ತಾರೆ. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಹೊರಗೆ ಬರಬೇಕು. ಆಗದಿದ್ದರೆ ಸುಮ್ನೆ ತೇಲುತ್ತ ಕೈ ಎತ್ತಬೇಕು. ದೇವಬಾಗ್‌ನಲ್ಲಿ ಹೊಳೆ ಸಮುದ್ರ ಸೇರುವ ತುದಿಯಲ್ಲಂತೂ ನೀರಿಗೆ ಇಳಿಯಲೇಬೇಡಿ. ಮಕ್ಕಳಿಲ್ಲ ಅಂದರೆ ಕಾಯುವವರು ಬೇಡ ಅಂತ ಅಲ್ಲ, ಒಬ್ಬರು ಯಾವಾಗಲೂ ದಂಡೆಯ ಮೇಲೆ ಇರಲಿ.

ವಡಗಾವಿಯವಳು:
ಅಕ್ಕನ ಜೊತೆ ಈಗಷ್ಟೇ ಮಾತಾಡಿದೆ. ದೇವಬಾಗ್ ಅಂತ ನಿರ್ಧಾರವಾಯಿತು, ಸಂಕ್ರಾಂತಿ ಮುಗಿದ ಮೇಲಿನ ಸೋಮವಾರ. ಸಿಂಧುದುರ್ಗ ಕೋಟೆ ಹತ್ತಿರವೇ ಅಲ್ವಾ, ಭಾವನಿಗೆ ಆಗುತ್ತದಾ?

ಖಾನಾಪುರ_ಘಾಟ್:
ಮಾಲವಣ ಜೆಟ್ಟಿಯಿಂದ ದೋಣಿ. ಹತ್ತಿ ಇಳಿಯುವಾಗ ಕೈ ಹಿಡಿದುಕೊಳ್ಳಿ, ದೋಣಿ ಅಲುಗಾಡುತ್ತದೆ. ಒಳಗೆ ಬಾಗಿಲ ಹತ್ತಿರದ ಭಾಗ ನೋಡಿಕೊಂಡು ಭಾವನವರು ನೆರಳಲ್ಲಿ ಕೂರಲಿ, ಗೋಡೆ ಹತ್ತುವವರು ಹತ್ತಿ ಬನ್ನಿ. ಬೆಳಿಗ್ಗೆ ಮೊದಲ ದೋಣಿಗಳಲ್ಲೇ ಹೋಗಿ, ಆಮೇಲೆ ಬಿಸಿಲು ತಡೆಯೋದಿಲ್ಲ.