ಲೋಡರ್ ಬಿಸಿಯಾದ ಮೇಲೆ ಎರಡನೇ ಗೇರ್ ಬಿಟ್ಟು ಮೇಲೆ ಹೋಗುತ್ತಿಲ್ಲ, ಸ್ಪೀಡ್ ಸೆನ್ಸರ್ ಎರಡು ಸಲ ಹಾಕಿಸಿ ಆಯ್ತು

ಹೊಸಕೋಟೆ_ಲೋಡರ್:
ಎಲ್ಲರಿಗೂ ನಮಸ್ಕಾರ. ಹೊಸಕೋಟೆ ಹತ್ತಿರ ಒಂದು ರೆಡಿಮಿಕ್ಸ್ ಪ್ಲಾಂಟ್‌ನಲ್ಲಿ ನನ್ನ ವೀಲ್ ಲೋಡರ್ ಬಾಡಿಗೆಗೆ ಓಡುತ್ತಿದೆ. ಒಂಬತ್ತು ಸಾವಿರ ಗಂಟೆ ದಾಟಿದೆ. ಬೆಳಿಗ್ಗೆ ಏನೂ ತೊಂದರೆ ಇಲ್ಲ, ನಾಲ್ಕೂ ಗೇರ್ ಬೆಣ್ಣೆ ಥರ ಬೀಳುತ್ತವೆ. ಎರಡು ಗಂಟೆ ಜಲ್ಲಿ ಎತ್ತಿ ಹಾಕಿ ಗಾಡಿ ಕಾದ ಮೇಲೆ ಶುರು. ಓಡುತ್ತಿರುವಾಗಲೇ ಡಿಸ್‌ಪ್ಲೇಯಲ್ಲಿ ಸ್ಪೀಡ್ ಸೊನ್ನೆ ಆಗುತ್ತದೆ, ಹಳದಿ ಲೈಟ್ ಬರುತ್ತದೆ, ಗೇರ್ ಎರಡರಲ್ಲೇ ಕೂತುಬಿಡುತ್ತದೆ, ಅದೇ ಲಿಂಪ್ ಮೋಡ್, ತೊಂದರೆ ಕಂಡಾಗ ಗಾಡಿ ತಾನೇ ಕುಂಟುತ್ತಾ ಓಡುವುದು. ಆಫ್ ಮಾಡಿ ಆನ್ ಮಾಡಿದರೆ ಹತ್ತು ನಿಮಿಷ ಸರಿ, ಆಮೇಲೆ ಮತ್ತೆ ಅದೇ ರಾಗ.

ಮೆಕ್ಯಾನಿಕ್ ಬಂದು, ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟಿನ ವೇಗ ಅಳೆಯುವ ಔಟ್‌ಪುಟ್ ಸ್ಪೀಡ್ ಸೆನ್ಸರ್ ಹೋಗಿದೆ ಅಂದ. ಹಾಕಿಸಿದೆ. ಒಂದು ವಾರ ಸುಮ್ಮನಿತ್ತು. ಮತ್ತೆ ಬಂತು, ಪೀಸ್ ಸರಿ ಇಲ್ಲ ಅಂತ ಇನ್ನೊಂದು ಹಾಕಿಸಿದ. ಈಗ ಗೇರ್ ನಡೆಸುವ ಕಂಪ್ಯೂಟರ್, ಆ ಕಂಟ್ರೋಲರ್ರೇ ಹೋಗಿದೆ ಅನ್ನುತ್ತಿದ್ದಾನೆ. ಅದರ ರೇಟ್ ಕೇಳಿ ನಾನೇ ಲಿಂಪ್ ಮೋಡ್‌ಗೆ ಹೋದೆ. ಯಾರಾದರೂ ದಾರಿ ತೋರಿಸಿ.

ಪೀಣ್ಯ_ಮೀಟರ್:
ಕೋಡ್ ಎಲ್ಲಿ ಗುರು? ಹಳದಿ ಲೈಟ್ ಬಂತು ಅಂದರೆ ಜ್ವರ ಬಂತು ಅಂದ ಹಾಗೆ, ಯಾವ ಜ್ವರ ಅಂತ ಗೊತ್ತಾಗಬೇಕಲ್ವಾ. ಡಿಸ್‌ಪ್ಲೇಯ ಸರ್ವಿಸ್ ಮೆನುವಿನಲ್ಲಿ ಎಸ್‌ಪಿಎನ್, ಎಫ್‌ಎಂಐ ಅಂತ ಎರಡು ನಂಬರ್ ಇರುತ್ತವೆ, ಮೊದಲನೆಯದು ತೊಂದರೆ ಯಾವುದರಲ್ಲಿ ಅಂತ, ಎರಡನೆಯದು ಯಾವ ಥರದ ತೊಂದರೆ ಅಂತ ಹೇಳುತ್ತದೆ. ಎಸ್‌ಪಿಎನ್ 191 ಇದ್ದರೆ ಔಟ್‌ಪುಟ್ ಶಾಫ್ಟ್ ಸ್ಪೀಡ್, 161 ಇದ್ದರೆ ಇನ್‌ಪುಟ್ ಶಾಫ್ಟ್. ಎಲ್ಲರೂ ಅದನ್ನು ಮಾತ್ರ ನೋಡಿ ಸೆನ್ಸರ್ ತರಲು ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಓಡುತ್ತಾರೆ. ನಿಜವಾದ ಸುಳಿವು ಇರುವುದು ಎಫ್‌ಎಂಐನಲ್ಲಿ. 3 ಅಂದರೆ ವೋಲ್ಟೇಜ್ ಮೇಲೆ, 4 ಅಂದರೆ ಕೆಳಗೆ, 5 ಅಂದರೆ ಸರ್ಕ್ಯೂಟ್ ಎಲ್ಲೋ ತೆರೆದುಕೊಂಡಿದೆ, 2 ಅಂದರೆ ಸಿಗ್ನಲ್ ಕುಣಿಯುತ್ತಿದೆ.

ಇನ್ನೊಂದು, ಸೆನ್ಸರ್‌ಗೆ ಎಷ್ಟು ವೈರ್? ಮೂರಿದ್ದರೆ ಹಾಲ್ (Hall) ಟೈಪ್, ಅಯಸ್ಕಾಂತದ ಏರಿಳಿತವನ್ನು ಚಿಪ್‌ನಿಂದ ಗುರುತಿಸುವುದು. ಅದಕ್ಕೆ ಮೀಟರನ್ನು ಓಮ್ಸ್‌ಗೆ (ರೆಸಿಸ್ಟನ್ಸ್‌ಗೆ) ಇಟ್ಟು ಅಳೆಯಬೇಡಿ, ಒಳಗೆ ಚಿಪ್ ಇರುತ್ತದೆ, ಬರುವ ಅಂಕಿಗೆ ಅರ್ಥವೇ ಇಲ್ಲ. ಎರಡಿದ್ದರೆ ಬಹುಶಃ ಕಾಯಿಲ್, ಅಂದರೆ ಬರೀ ತಂತಿ ಸುರುಳಿ, ಅದನ್ನು ಓಮ್ಸ್‌ನಲ್ಲಿ ನೋಡಬಹುದು. ಆದರೆ ಎರಡು ವೈರಿನ ಹಾಲ್ ಸೆನ್ಸರ್ ಕೂಡ ಇದೆ, ಮ್ಯಾನ್ಯುಯಲ್ ನೋಡಿಯೇ ಕೈ ಹಾಕಿ.

ಗ್ರೀಸ್_ಗನ್:
ಲೋಡರ್ ಅಂದರೆ ನಡುವೆ ಬಾಗುವ ಜಾಯಿಂಟ್ ಹತ್ತಿರ ವೈರ್ ಸವೆದಿರುತ್ತದೆ ಸಾರ್, ಕಣ್ಣು ಮುಚ್ಚಿಕೊಂಡು ಅಲ್ಲೇ ನೋಡಿ. ನಮ್ಮದರಲ್ಲಿ ಅಲ್ಲೇ ಕಟ್ ಆಗಿತ್ತು.

ಪೀಣ್ಯ_ಮೀಟರ್:
ನಿಮ್ಮದರಲ್ಲಿ ಕಟ್ ಆಗಿದ್ದು ಮುಂದಿನ ಲೈಟಿನ ವೈರ್ ಇರಬೇಕು ಅಣ್ಣ. ಹೆಚ್ಚಿನ ವೀಲ್ ಲೋಡರ್‌ಗಳಲ್ಲಿ ಕ್ಯಾಬಿನ್, ಇಂಜಿನ್, ಗೇರ್ ಬಾಕ್ಸ್ ಎಲ್ಲಾ ಹಿಂದಿನ ಫ್ರೇಮಿನಲ್ಲೇ ಇರುತ್ತವೆ. ಈ ಸೆನ್ಸರಿನ ವೈರ್ ಆ ಜಾಯಿಂಟ್ ದಾಟುವುದೇ ಇಲ್ಲ.

ಹೊಸಕೋಟೆ_ಲೋಡರ್:
ಆಪರೇಟರ್ ಫೋಟೋ ಕಳಿಸಿದ. 191, ಎಫ್‌ಎಂಐ 5. ಹಳೇ ಲಿಸ್ಟಿನಲ್ಲಿ 191ಕ್ಕೇ 2 ಕೂಡ ನಾಲ್ಕೈದು ಸಲ ಇದೆ. ಮೂರು ವೈರ್. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಮೀಟರಿನ ಮುಳ್ಳು ಒಳಗೆ ಚುಚ್ಚಿ ನೋಡಿ, ಸಪ್ಲೈ ಬರ್ತಿದೆ, ವೈರಿಂಗ್ ಪಕ್ಕಾ ಇದೆ ಅಂದಿದ್ದ.

ಗ್ರೇಡರ್_ಗೆಳೆಯ:
ಬಿಸಿಯಾದಾಗ ಮಾತ್ರ ಬರುವುದು ಅಂದರೆ ನನ್ನ ಅನುಮಾನವೂ ಮೊದಲು ಸೆನ್ಸರ್ ಮೇಲೇ ಹೋಗುತ್ತಿತ್ತು, ಆ ಮೆಕ್ಯಾನಿಕ್‌ನನ್ನು ಪೂರ್ತಿ ಬೈಯಲಾರೆ. ಆದರೆ ಎರಡನೆಯದಕ್ಕೂ ಅದೇ ಆದರೆ ಅಲ್ಲಿಗೆ ನಿಲ್ಲಿಸಬೇಕಿತ್ತು.

ಹಾಕಿದ ಪೀಸುಗಳು ಒರಿಜಿನಲ್ಲಾ? ಡೂಪ್ಲಿಕೇಟ್‌ನಲ್ಲಿ ತುದಿ ಒಂದು ಮಿಲಿಮೀಟರ್ ಗಿಡ್ಡ ಇದ್ದರೂ ಸಾಕು, ಅದು ಎಣಿಸುವ ಗೇರಿನ ಹಲ್ಲಿಗೂ ತುದಿಗೂ ಗ್ಯಾಪ್ ಜಾಸ್ತಿಯಾಗಿ ಸಿಗ್ನಲ್ ಬಿಟ್ಟುಬಿಟ್ಟು ಬರುತ್ತದೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಬಿಚ್ಚಿದಾಗ ತುದಿಗೆ ಏನು ಅಂಟಿದೆ ಅಂತಲೂ ನೋಡಿ. ತೆಳ್ಳಗೆ ಬೂದು ಬಣ್ಣದ ಪೇಸ್ಟ್ ಇದ್ದರೆ ಒರೆಸಿ ಹಾಕಿ, ಹೊಳೆಯುವ ಚೂರುಗಳಿದ್ದರೆ ಸೆನ್ಸರ್ ಮರೆತು ಗೇರ್ ಬಾಕ್ಸ್ ಬಗ್ಗೆ ಯೋಚಿಸಿ. ನಮ್ಮ ಗ್ರೇಡರ್‌ನಲ್ಲಿ ನಾನು ಮೂರು ವಾರ ವೈರ್ ಹುಡುಕಿದ್ದೆ, ಕೊನೆಗೆ ನೋಡಿದರೆ ಕ್ಲಚ್ ಜಾರುತ್ತಿತ್ತು. ಇನ್‌ಪುಟ್ ಸ್ಪೀಡಿಗೂ ಔಟ್‌ಪುಟ್ ಸ್ಪೀಡಿಗೂ ಲೆಕ್ಕ ತಾಳೆಯಾಗದೆ ಕಂಟ್ರೋಲರ್ ದೂರು ಹೇಳುತ್ತಿತ್ತು, ಸೆನ್ಸರ್ ಪಾಪ ನಿಜವನ್ನೇ ಹೇಳುತ್ತಿತ್ತು. ನಿಮ್ಮದು 5 ತೋರಿಸುತ್ತಿದೆ, ಹಾಗಾಗಿ ನಿಮಗೆ ಅದಲ್ಲ ಅನ್ನಿಸುತ್ತದೆ.

ಪೀಣ್ಯ_ಮೀಟರ್:
ಮುಳ್ಳು ಒಳಗೆ ಚುಚ್ಚಿ ನೋಡಿದ ಅಂದಿರಲ್ಲ, ಅಲ್ಲೇ ನನಗೆ ಸುಳಿವು ಸಿಕ್ಕಿತು. ಆ ಪ್ಲಗ್ಗಿನ ಒಳಗಿರುವುದು ಚಿಕ್ಕ ಚಿಕ್ಕ ಹೆಣ್ಣು ಪಿನ್‌ಗಳು, ಅಂದರೆ ಸೆನ್ಸರಿನ ಗಂಡು ಪಿನ್ ಕೂರುವ ತೂತಿನವು, ಮೀಟರಿನ ಮುಳ್ಳು ಅದಕ್ಕಿಂತ ದಪ್ಪ. ಒಂದು ಸಲ ಚುಚ್ಚಿದರೆ ಬಾಯಿ ಅಗಲವಾಗುತ್ತದೆ. ತಣ್ಣಗಿದ್ದಾಗ ಹೇಗೋ ತಾಗಿಕೊಂಡಿರುತ್ತದೆ, ಬಿಸಿಯಾಗಿ ಅದುರಿದಾಗ ಬಿಡುತ್ತದೆ. ಮೊದಲ ತೊಂದರೆ ಬೇರೆ ಏನೇ ಇರಲಿ, ಈಗ ಇದೂ ಸೇರಿಕೊಂಡಿರಬಹುದು.

ಹೀಗೆ ಮಾಡಿ. ಸಮತಟ್ಟಾದ ಜಾಗದಲ್ಲಿ ಬಕೆಟ್ ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ದಿಮ್ಮಿ ಕೊಟ್ಟು, ಗಾಡಿ ನಡುವೆ ಬಾಗದಂತೆ ತಡೆಯುವ ಲಾಕ್ ಬಾರ್ ಹಾಕಿ. ಅದಿಲ್ಲದೆ ಕೆಳಗೆ ಯಾರೂ ನುಗ್ಗಬೇಡಿ. ಬಿಚ್ಚಿಟ್ಟ ಹಳೇ ಸೆನ್ಸರ್ ಇನ್ನೂ ಇದೆಯಲ್ವಾ, ಅದೇ ಸೈಜಿನ ಪಿನ್ ಅದರಲ್ಲೇ ಸಿಗುತ್ತದೆ. ಅದನ್ನು ಒಡೆದು ಒಂದು ಗಂಡು ಪಿನ್ ತೆಗೆದು, ಗಾಡಿಯ ಪ್ಲಗ್ಗಿನ ಮೂರೂ ತೂತಿಗೆ ಒಂದೊಂದಾಗಿ ಹಾಕಿ ಎಳೆದು ನೋಡಿ. ಮೂರೂ ಒಂದೇ ಥರ ಬಿಗಿಯಾಗಿ ಹಿಡಿಯಬೇಕು. ಆಮೇಲೆ ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ, ಪ್ಲಗ್ ಹಾಕಿದ ಹಾಗೇ ಇರಲಿ, ಹಿಂಬದಿ ರಬ್ಬರ್ ಪಕ್ಕದಿಂದ ತೆಳು ಪಿನ್ ತೂರಿಸಿ ಸಪ್ಲೈ ಅಳೆಯಿರಿ. ಅದು ಎಷ್ಟಿರಬೇಕು ಅನ್ನುವುದು ಮಾಡೆಲ್ ಮೇಲೆ, ಕೆಲವಕ್ಕೆ 5 ವೋಲ್ಟ್, ಕೆಲವಕ್ಕೆ 8, ಕೆಲವಕ್ಕೆ ನೇರ ಬ್ಯಾಟರಿಯ 24. ಮೀಟರ್ ನೋಡುತ್ತಾ ಪ್ಲಗ್ಗನ್ನೂ ವೈರನ್ನೂ ಒಂದು ಅಡಿಯವರೆಗೆ ಅಲ್ಲಾಡಿಸಿ. ಸಿಗ್ನಲ್ ವೈರಿಗೂ ಹಾಗೇ. ಬಿಸಿ ಮಾಡಬೇಕು ಅಂದರೆ ಮನೆಯಿಂದ ಹೇರ್ ಡ್ರೈಯರ್ ತನ್ನಿ, ನಗಬೇಡಿ, ನಾನು ಅದನ್ನೇ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಮತ್ತೆ ಇತ್ತೀಚೆಗೆ ಬಕೆಟ್‌ಗೆ ವೆಲ್ಡಿಂಗ್ ಮಾಡಿಸಿದ್ದಿರಾ? ಬ್ಯಾಟರಿ ಬಿಚ್ಚದೆ ಮಾಡಿಸಿದ್ದರೆ ಕಂಟ್ರೋಲರ್ ಮೇಲೂ ಅನುಮಾನ ಪಡಬೇಕಾಗುತ್ತದೆ. ಇಲ್ಲ ಅಂದರೆ ಅದು ಕೊನೆಯ ಸಾಲಿನಲ್ಲಿರಲಿ.

ಹೊಸಕೋಟೆ_ಲೋಡರ್:
ವೆಲ್ಡಿಂಗ್ ಮಾಡಿಸಿಲ್ಲ ಸಾರ್. ಭಾನುವಾರ ಪ್ಲಾಂಟ್ ರಜೆ, ನೋಡಿ ಹೇಳುತ್ತೇನೆ.

ಹೊಸಕೋಟೆ_ಲೋಡರ್:
ತಡವಾಯಿತು, ಕ್ಷಮಿಸಿ. ಎರಡು ತೂತು ಪಿನ್ನನ್ನು ಗಟ್ಟಿಯಾಗಿ ಹಿಡಿದವು, ಸಿಗ್ನಲ್‌ದು ಮಾತ್ರ ಪಿನ್ ಹಾಕಿ ತಲೆಕೆಳಗೆ ಮಾಡಿದರೆ ತಾನೇ ಬಿತ್ತು. ಜೊತೆಗೆ ಇನ್ನೊಂದು ಸಿಕ್ಕಿತು. ವೈರಿಂಗ್ ಹಿಡಿಯುವ ಕ್ಲಿಪ್ ಉದುರಿಹೋಗಿ, ಪ್ಲಗ್ಗಿಗೆ ಬರುವ ವೈರ್ ಗೇರ್ ಬಾಕ್ಸಿನ ಬಿಸಿ ಆಯಿಲ್ ಹೋಸ್ ಮೇಲೆ ಜೋತುಬಿದ್ದು ಎಳೆಯುತ್ತಿತ್ತು. ಮೊದಲ ಸಲ ಬಂದ ತೊಂದರೆ ಅದೇ ಇರಬೇಕು, ಬಾಯಿ ಅಗಲವಾಗಿದ್ದು ಆಮೇಲೆ. ಹೆಣ್ಣು ಪಿನ್ ಮೂರೂ ಹೊಸದು ಹಾಕಿಸಿ, ಸರಿಯಾದ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ, ಕ್ಲಿಪ್ ಹಾಕಿ ವೈರ್ ದೂರ ಕಟ್ಟಿಸಿದೆ. ಒಂಬತ್ತು ದಿನ ಆಯ್ತು, ಮಧ್ಯಾಹ್ನದ ಬಿಸಿಲಲ್ಲೂ ನಾಲ್ಕನೇ ಗೇರ್ ಬೀಳುತ್ತಿದೆ.

ಗ್ರೀಸ್_ಗನ್:
ಒಡೆಯದೆ ಉಳಿದ ಆ ಇನ್ನೊಂದು ಸೆನ್ಸರ್ ಕೊಡುತ್ತೀರಾ? ನಮ್ಮದೂ ಅದೇ ಮಾಡೆಲ್.

ಹೊಸಕೋಟೆ_ಲೋಡರ್:
ಅದು ಗಾಡಿಯೊಳಗೇ ಬಂದ ಒರಿಜಿನಲ್ ಅಣ್ಣ, ತಿರುಗಿ ಅದನ್ನೇ ಹಾಕಿದ್ದೇನೆ. ಬೇಕಾದರೆ ಹೊಸದನ್ನು ಅರ್ಧ ರೇಟಿಗೆ ತಗೊಳ್ಳಿ.