ಹೊಸ ಫ್ಯೂಯೆಲ್ ಪಂಪ್ ಹಾಕ್ಸಿದ್ರೂ ಘಾಟಿಲಿ ಗಾಡಿ ಆಫ್ ಆಗ್ತಿದೆ, ವೈರಿಂಗೂ ಬದಲಾಯಿಸ್ಬೇಕಾ?

ಹಾಸನ್_ಹ್ಯಾಚ್‌ಬ್ಯಾಕ್:
ಎಲ್ರಿಗೂ ನಮಸ್ಕಾರ. ನಂದು 2009ರ ಪೆಟ್ರೋಲ್ ಗಾಡಿ, ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರೋದು), ಪಂಪು ಟ್ಯಾಂಕ್ ಒಳಗೇ ಇದೆ, ಹಿಂದಿನ ಸೀಟ್ ಎತ್ತಿದ್ರೆ ಮುಚ್ಚಳ ಸಿಗುತ್ತೆ. ಬೇಸಿಗೇಲಿ ಗುಂಡ್ಯ ದಾಟಿ ಶಿರಾಡಿ ಹತ್ತೋವಾಗ ಪಿಕಪ್ ಬಿದ್ದು ಜರ್ಕ್ ಹೊಡ್ದು ಆಫ್ ಆಯ್ತು, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡ್ತು. ಗ್ಯಾರೇಜ್‌ನಲ್ಲಿ ಪಂಪ್ ವೀಕ್ ಅಂತ ಹೊಸದು ಹಾಕಿದ್ರು, ಒಂದಷ್ಟು ದಿನ ಚೆನ್ನಾಗಿತ್ತು, ಈಗ ಮತ್ತೆ ಅದೇ ಕಥೆ. ನಾನೇ ಸೀಟ್ ಎತ್ತಿ ನೋಡ್ದೆ, ಪಂಪಿನ ಮೇಲೆ ವೈರ್ ಸಿಕ್ಸೋ ಕಪ್ಲರ್‌ನಲ್ಲಿ ಒಂದು ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದ್ರೆ ಬಿಸಿ. ಇನ್ನೊಂದು ಪಂಪ್ ತಗೊಳ್ಳೋದಾ ಇಲ್ಲ ವೈರಿಂಗ್ ಮಾಡ್ಸೋದಾ? ಮನೇಲಿ ವಯಸ್ಸಾದೋರನ್ನ ಕರ್ಕೊಂಡು ಮಂಗಳೂರು ಆಸ್ಪತ್ರೆಗೆ ಹೋಗಿ ಬರ್ಬೇಕು, ಘಾಟಿ ಮಧ್ಯೆ ನಿಂತ್ರೆ ಕಷ್ಟ.

ಜೆಸಿ_ರೋಡ್_ಸ್ಪೇರ್ಸ್:
ಪಂಪ್ ಡೂಪ್ಲಿಕೇಟ್ ಇರ್ಬಹುದು ಸಾರ್. ಡಬ್ಬ, ಬಿಲ್ ಇದ್ರೆ ನೋಡಿ. ಬರೀ ಮೋಟ್ರು ಹಾಕಿದ್ರಾ ಅಥವಾ ಪೂರ್ತಿ ಅಸೆಂಬ್ಲೀನಾ, ಪೆಟ್ರೋಲ್ ಸೋಸೋ ಸ್ಟ್ರೈನರ್ ಬದಲಾಯಿಸಿದ್ರಾ ಅಂತ ಕೇಳಿ. ಹಳೇ ಕಸ ತುಂಬಿರೋ ಸ್ಟ್ರೈನರ್‌ಗೆ ಹೊಸ ಮೋಟ್ರು ಸಿಕ್ಸಿದ್ರೆ ಅದೂ ಬೇಗ ಹೋಗುತ್ತೆ.

ಹುಬ್ಳಿ_ಆಟೋ_ಎಲೆಕ್ಟ್ರಿಕಲ್:
ಅಣ್ಣಾರ, ಇನ್ನೊಂದ್ ಪಂಪ್ ತಗೋಬ್ಯಾಡ್ರಿ ಈಗ. ಕಪ್ಲರ್ ಕಂದು ಆಗೇತಿ ಅಂದ್ರ ಅಲ್ಲೇ ಕರೆಂಟ್ ಸಿಕ್ಕೊಂಡೈತಿ. ಲೆಕ್ಕ ಹಾಕ್ರಿ, ಈ ಪಂಪು ಸುಮಾರು 5 ಆಂಪ್ಸ್ ಎಳೀತೈತಿ, ಪಿನ್ ಸಡ್ಲಾಗಿ 0.4 ಓಮ್ ರೆಸಿಸ್ಟೆನ್ಸ್ ಬಂದ್ರೂ 2 ವೋಲ್ಟ್ ಅಲ್ಲೇ ಹೋತು, 10 ವ್ಯಾಟ್ ಶಾಖ ಆ ಸಣ್ಣ ಪಿನ್ನಿನ್ಯಾಗ. ಪ್ಲಾಸ್ಟಿಕ್ ಸುಡದ ಏನ್ ಮಾಡ್ತೈತಿ? ವೋಲ್ಟೇಜ್ ಕಮ್ಮಿ ಆದ್ರ ಮೋಟ್ರು ನಿಧಾನ ತಿರುಗ್ತೈತಿ, ಪ್ರೆಷರ್ ಬೀಳ್ತೈತಿ, ಘಾಟಿ ಏರೂ ಮುಂದ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳ್ತೈತಲ್ರಿ, ಆಗ ಸಿಗಂಗಿಲ್ಲ.

ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್ ಹಿಡೀರಿ. ಕಪ್ಲರ್ ತಗದು ಅಳದ್ರ ಉಪಯೋಗಿಲ್ಲ, ಲೋಡ್ ಇಲ್ದಾಗ ಎಂಥಾ ಕೆಟ್ಟ ವೈರಿನ್ಯಾಗೂ 12 ತೋರಸ್ತೈತಿ. ಕಪ್ಲರ್ ಹಾಕಿದ್ದಂಗೇ ಹಿಂದಿಂದ ಸಣ್ಣ ಪಿನ್ ತೂರ್ಸಿ, ಬ್ಯಾಟರಿ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ ಒಮ್ಮೆ, ಪಂಪಿನ ಅರ್ತ್‌ನಿಂದ ಬ್ಯಾಟರಿ ಮೈನಸ್‌ಗೆ ಒಮ್ಮೆ ನೋಡ್ರಿ. ಒಂದೊಂದು ಕಡೆ ಅರ್ಧ ವೋಲ್ಟ್ ದಾಟಿದ್ರ ಆ ಕಡೆ ದೋಷ ಐತಿ. ರೀಡಿಂಗ್ ಇಲ್ಲಿ ಹಾಕ್ರಿ, ಆಮ್ಯಾಲ ಮಾತಾಡೂಣು.

ಹಾಸನ್_ಹ್ಯಾಚ್‌ಬ್ಯಾಕ್:
ಅಳೆದೆ ಅಣ್ಣಾ. ಬ್ಯಾಟರೀಲಿ 13.8, ಪಂಪ್ ಎರಡು ಪಿನ್ ಮಧ್ಯೆ 10.9. ಪ್ಲಸ್ ಕಡೆ 0.8 ಬೀಳ್ತಿದೆ, ಅರ್ತ್ ಕಡೆ 2.1!

ಹುಬ್ಳಿ_ಆಟೋ_ಎಲೆಕ್ಟ್ರಿಕಲ್:
ಸಿಕ್ತ್ ನೋಡ್ರಿ. ಅರ್ತ್ ವೈರ್ ಹಿಡ್ಕೊಂಡು ಹೋಗ್ರಿ, ಬಾಡಿಗೆ ಬೋಲ್ಟ್ ಆಗಿರೂ ಜಾಗ ಬಿಚ್ಚಿ ತುಕ್ಕು, ಪೇಂಟು ಎಲ್ಲಾ ಎಮ್ರಿ ಪೇಪರ್‌ಲೆ ಉಜ್ಜಿ, ಹೊಸ ಲಗ್ (ವೈರ್ ತುದಿಯ ಲೋಹದ ಉಂಗುರ) ಹಾಕಿ ಬಿಗಿ ಮಾಡಿ ಮ್ಯಾಲ ಗ್ರೀಸ್ ಹಚ್ರಿ. ಕಪ್ಲರ್ ಪಿಗ್‌ಟೇಲ್ (ಅದಕ್ಕ ಹತ್ತಿದ ತುಂಡು ವೈರ್) ಸಮೇತ ಹೊಸದು ಹಾಕ್ರಿ, 2.5 ಸ್ಕ್ವೇರ್ ಎಂಎಂ ಆಟೋ ವೈರ್ ಸಾಕು. ವೈರ್ ತಿರುವಿ ಟೇಪ್ ಸುತ್ತೂದು ಬ್ಯಾಡ, ಕ್ರಿಂಪ್ ಮಾಡಿ (ಲೋಹದ ನಳಿಗ್ಯಾಗ ಇಟ್ಟು ಇಕ್ಕಳದ್ಲೆ ಒತ್ತಿ) ಮ್ಯಾಲ ಸ್ಲೀವ್ ಹಾಕಿ ಬಿಸಿ ಮಾಡೂದು, ಹೀಟ್ ಗನ್ ಕೆಲಸ ಗಾಡಿಯಿಂದ ಹೊರಗ ಕುಂತು ಮುಗಿಸ್ರಿ. ಪಂಪ್ ಕಡೆ ಪಿನ್ನೂ ಕಪ್ಪಾಗಿದ್ರ ಹೊಸ ಕಪ್ಲರೂ ಸುಡ್ತೈತಿ, ಆಗ ಆ ಮೇಲಿನ ಪ್ಲೇಟೂ ಬದಲಿ ಮಾಡ್ಬೇಕು. ಫ್ಯೂಸ್ ಮಾತ್ರ ಕಂಪನಿ ಹೇಳಿದ್ದೇ ಇರ್ಲಿ, ದೊಡ್ಡದು ಹಾಕಬ್ಯಾಡ್ರಿ.

ಟ್ಯಾಂಕ್_ಮ್ಯಾನ್_ಮೈಸೂರು:
ಒಂದು ಮಾತು ದಯವಿಟ್ಟು ಕೇಳಿ, ಮುಚ್ಚಳ ತೆಗೀಬೇಕಾದ್ರೆ ಮೊದ್ಲು ಪಂಪ್ ರಿಲೇ (ಪಂಪಿಗೆ ಕರೆಂಟ್ ಕೊಡೋ ಸ್ವಿಚ್) ಕಿತ್ತು ಎಂಜಿನ್ ತಾನಾಗೇ ಆಫ್ ಆಗೋವರೆಗೆ ಓಡ್ಸಿ, ಯಾಕಂದ್ರೆ ಲೈನಲ್ಲಿ 3 ಬಾರ್ ಹತ್ರ ಪ್ರೆಷರ್ ಇರುತ್ತೆ, ಹಾಗೇ ಪೈಪ್ ತೆಗೆದ್ರೆ ಕಣ್ಣಿಗೇ ಚಿಮ್ಮುತ್ತೆ, ಆಮೇಲೆ ಬ್ಯಾಟರಿ ಮೈನಸ್ ಬಿಚ್ಚಿ. ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇರ್ಲಿ, ಗಾಡಿ ಬಯಲಲ್ಲಿ, ಬಾಗಿಲೆಲ್ಲಾ ತೆಗೆದು. ಹೋಲ್ಡರ್ ಬಲ್ಬ್ ಇಟ್ಕೊಂಡು ಬಗ್ಗೋದು ಖಂಡಿತ ಬೇಡ.

ಇನ್ನೊಂದು, ಟ್ಯಾಂಕ್ ಒಳಗಿನ ತುಂಡು ವೈರ್ ಹೋಗಿದ್ರೆ ಅಂಗಡೀಲಿ ಸಿಗೋ ಮಾಮೂಲಿ ಪಿವಿಸಿ ವೈರ್ ಹಾಕ್ಬೇಡಿ, ಪೆಟ್ರೋಲ್‌ನಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತೆ. ಪಂಪ್ ಕಿಟ್ ಜೊತೆ ಬರೋದನ್ನೇ ಹಾಕಿ. ಒಳಗಿನ ಪೈಪೂ ಅಷ್ಟೇ, ಎಸ್‌ಎಇ 30ಆರ್10 ಅಂತ ಮುದ್ರೆ ಇರ್ಬೇಕು, ಬಾನೆಟ್ ಒಳಗೆ ಬಳಸೋ ಪೈಪು ಹೊರಗಿಂದ ಪೆಟ್ರೋಲ್‌ನಲ್ಲಿ ಮುಳುಗಿರೋಕೆ ಮಾಡಿದ್ದಲ್ಲ. ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಬಿಡುಗಡೆ ಆಗಿದ್ದು 2023 ಫೆಬ್ರವರಿಲಿ, ನಮ್ಮ ಬೆಂಗಳೂರಲ್ಲೇ, ನಿಮ್ಮ ಗಾಡಿ ಅದಕ್ಕಿಂತ ಎಷ್ಟೋ ಹಿಂದಿನದು, ಹಾಗಾಗಿ ರಬ್ಬರ್ ಸೀಲ್, ಪೈಪು ತಗೊಳ್ಳೋವಾಗ ಎಥೆನಾಲ್‌ಗೆ ತಡೆಯುತ್ತಾ ಕೇಳಿ ತಗೊಳ್ಳಿ. ರಿಸರ್ವ್‌ನಲ್ಲಿ ಓಡ್ಸೋ ಅಭ್ಯಾಸ ಇದ್ರೆ ಬಿಡಿ, ಮೋಟ್ರನ್ನ ತಂಪಾಗಿಡೋದೇ ಆ ಪೆಟ್ರೋಲು.

ಹಾಸನ್_ಹ್ಯಾಚ್‌ಬ್ಯಾಕ್:
ಮುಗೀತು! ಡಿಕ್ಕಿ ರಬ್ಬರ್ ಹರಿದು ಮಳೆ ನೀರು ಒಳಗೆ ಇಳಿದು ಅರ್ತ್ ಬೋಲ್ಟ್ ಕೆಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು, ಲಗ್ ಕೈಯಲ್ಲೇ ಮುರಿದು ಬಂತು. ಉಜ್ಜಿ ಹೊಸ ಲಗ್, ಹೊಸ ಪಿಗ್‌ಟೇಲ್ ಹಾಕಿಸ್ದೆ, ಡಿಕ್ಕಿ ರಬ್ಬರೂ ಬದಲಾಯ್ತು. ಪುಣ್ಯಕ್ಕೆ ಪಂಪ್ ಕಡೆ ಪಿನ್ ಚೆನ್ನಾಗೇ ಇತ್ತು. ಈಗ ಬ್ಯಾಟರಿ 13.8, ಪಂಪ್ ಹತ್ರ 13.2. ಅದೇ ಪಂಪು! ಹುಬ್ಳಿ ಅಣ್ಣಂಗೆ ತುಂಬಾ ಥ್ಯಾಂಕ್ಸ್. ಆದ್ರೆ ಮೈಸೂರಿನೋರು ಹೇಳಿದ ಹಾಗೆ ಒಳಗಿನ ಪೈಪ್ ನೋಡೋಕೆ ಪಂಪ್ ಎತ್ತಿ ಇಟ್ವಿ, ಈಗ ಸೀಟ್ ಹತ್ರ ಸಣ್ಣಗೆ ಪೆಟ್ರೋಲ್ ವಾಸನೆ ಬರ್ತಿದೆ.

ಟ್ಯಾಂಕ್_ಮ್ಯಾನ್_ಮೈಸೂರು:
ಹಳೇ ಓ-ರಿಂಗೇ (ಪಂಪ್ ಸುತ್ತ ಕೂರೋ ರಬ್ಬರ್ ಸೀಲ್) ವಾಪಸ್ ಹಾಕಿರ್ತಾರೆ. ಪಂಪ್ ಎತ್ತಿದ ಮೇಲೆ ಅದು ಉಬ್ಬಿರುತ್ತೆ, ಸರಿಯಾಗಿ ಕೂರಲ್ಲ, ಹೊಸದು ಹಾಕ್ಸಿ. ಆಮೇಲೆ ಟ್ಯಾಂಕ್ ಫುಲ್ ಮಾಡಿ ಎಂಜಿನ್ ಓಡ್ತಿರೋವಾಗ ಟಾರ್ಚ್ ಬಿಟ್ಟು ಮುಚ್ಚಳದ ಸುತ್ತ ಮತ್ತೆ ಪೈಪ್ ಜಾಯಿಂಟ್ ಹತ್ರ ಒದ್ದೆ ಇದೆಯಾ ನೋಡಿ, ಅರ್ಧ ಟ್ಯಾಂಕಲ್ಲಿ ಸೀಲ್ ಲೀಕ್ ಗೊತ್ತಾಗಲ್ಲ. ವಾಸನೆ ಪೂರ್ತಿ ಹೋಗೋವರೆಗೆ ಮಂಗಳೂರಿಗೆ ಈ ಗಾಡಿ ತಗೊಂಡು ಹೋಗ್ಬೇಡಿ.